ಆರ್ವಿಡ್‌ನ ಅನ್ನನಾಳದ ಮುತ್ತಿಗೆ

ಉತ್ತರ ಮಿನ್ನೆಸೋಟಾದ ನಮ್ಮ ಕೌಂಟಿಯಲ್ಲಿ ಹಿಮದ ಮೇಲೆ ದಂಡೆತ್ತಿ ಹೋಗಿ, ಪ್ರತಿ ಚಳಿಗಾಲವೂ ಗೆದ್ದು ಬರುವ ವೀರ ಆರ್ವಿಡ್ ಸ್ಕೋಗ್‌ಲಂಡ್. ರಸ್ತೆಯ ಹಿಮ ತಳ್ಳುವ ಕಿತ್ತಳೆ ಬಣ್ಣದ ಲಾರಿಯೇ ಅವನ ರಥ. ಅದರ ಸದ್ದು ಕೇಳಿದರೆ ಆಳೆತ್ತರದ ಹಿಮರಾಶಿ ತಾನಾಗಿ ಪಕ್ಕಕ್ಕೆ ಸರಿಯುತ್ತದೆಂದು ನಾವು ಹೇಳಿಕೊಳ್ಳುತ್ತಿದ್ದೆವು. ಇಂಥ ಮಹಾರಥಿಯನ್ನು ಮಣಿಸುವ ತಾಕತ್ತು ಜಗತ್ತಿನಲ್ಲಿ ಒಂದಕ್ಕೇ ಇತ್ತು: ಹೆಬ್ಬೆರಳಿನಷ್ಟು ಹಂದಿಮಾಂಸದ ತುಂಡಿಗೆ.

ಅದು ಅವನ ಗಂಟಲು ದಾಟಿ ಎದೆಯ ನಡುವೆ ಬಂದು ಕೂತುಬಿಡುತ್ತಿತ್ತು. ಕೆಳಗೂ ಇಳಿಯದು, ಮೇಲಕ್ಕೂ ಬಾರದು. ನೀರು ಕುಡಿದರೆ ನೀರೂ ಅದರ ಮೇಲೆಯೇ ನಿಲ್ಲುತ್ತಿತ್ತು. ಬೇರೆ ಕಡೆಯವರಾಗಿದ್ದರೆ ಕೈಕಾಲು ಬಡಿದು ಊರು ಸೇರಿಸುತ್ತಿದ್ದರು. ನಮ್ಮಲ್ಲಿ ಹಾಗಲ್ಲ, ಊಟದ ಮೇಜಿನಲ್ಲಿ ಸಾಯುವವನೂ ಪಕ್ಕದವರಿಗೆ ತೊಂದರೆಯಾಗದಂತೆ ಸಾಯಬೇಕು. ಆರ್ವಿಡ್ ಕರವಸ್ತ್ರ ಮಡಿಸಿಟ್ಟು, ಹೊರಗೆ ನಿಲ್ಲಿಸಿದ ತನ್ನ ಸ್ವಂತ ಟ್ರಕ್ಕಿನ ಬಾಗಿಲು ಹಾಕಿದೆಯೋ ಇಲ್ಲವೋ ನೋಡಿ ಬರುತ್ತೇನೆಂದು ಎದ್ದು ಹೋಗುತ್ತಿದ್ದ. ಹೊರಗೆ ಹಿಮದಲ್ಲಿ ಬಾನೆಟ್ ಹಿಡಿದು ನಿಂತು, ತುಂಡು ಜಾರುವವರೆಗೆ ಕಾದು, ಕಣ್ಣೊರೆಸಿಕೊಂಡು ಒಳಗೆ ಬರುತ್ತಿದ್ದ.

ಚರ್ಚಿನ ಭೋಜನ, ಮದುವೆ, ಕೊನೆಗೆ ಹೆಂಡತಿಯ ತಮ್ಮನನ್ನು ಮಣ್ಣು ಮಾಡಿದ ದಿನದ ಊಟ, ಎಲ್ಲ ಕಡೆಯೂ ಅವನು ಟ್ರಕ್ಕು ನೋಡಿ ಬಂದ. ಒಳಗಿದ್ದ ನಾವು ಏನೂ ಕೇಳಲಿಲ್ಲ. ಕೇಳುವುದು ಮರ್ಯಾದೆಯಲ್ಲ, ಊಹಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಕಳ್ಳತನವೇ ಇಲ್ಲದ ಊರಲ್ಲಿ ಇವನಿಗೆ ಕಳ್ಳರ ಭಯವೆಂದು ತೀರ್ಮಾನಿಸಿ, ಒಂದು ಕ್ರಿಸ್‌ಮಸ್‌ಗೆ ಎಲ್ಲರೂ ಸೇರಿ ಸ್ಟೀರಿಂಗಿಗೆ ಹಾಕುವ ಬೀಗ ಕೊಡಿಸಿದೆವು. ಅವನು ಅದನ್ನೂ ನಯವಾಗಿ ತೆಗೆದುಕೊಂಡ. ಗಂಡನಿಗೆ ತನಗಿಂತ ಟ್ರಕ್ಕಿನ ಮೇಲೆ ಪ್ರೀತಿ ಹೆಚ್ಚೆಂದು ಅವನ ಹೆಂಡತಿ ಲವೊನ್ ಕೂಡ ಸುಮ್ಮನೆ ನಂಬಿಕೊಂಡಿದ್ದಳು.

ಒಂದು ದಿನ ಒಂದು ತುಂಡು ಜಗ್ಗಲೇ ಇಲ್ಲ. ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ಅದನ್ನು ತೆಗೆದರು; ಅನ್ನನಾಳದ ಗೋಡೆಯಿಂದ ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ಆಗ ಶತ್ರುವಿನ ಗುರುತು ಸಿಕ್ಕಿತು. ಹೊರಗಿನ ವೈರಿಗಳೊಡನೆ ಕಾದಾಡಬೇಕಾದ ರಕ್ತದ ಬಿಳಿ ಕಣಗಳಲ್ಲಿ ಒಂದು ಪಡೆ, ಬೇರೆ ಕೆಲಸವಿಲ್ಲದೆ, ತನ್ನ ಒಡೆಯನ ಅನ್ನನಾಳಕ್ಕೇ ಮುತ್ತಿಗೆ ಹಾಕಿತ್ತು. ನಾಳ ಬಾತು, ಕಿರಿದಾಗಿ, ಒಳಗೆಲ್ಲ ಬಳೆ ಜೋಡಿಸಿದ ಹಾಗೆ ಗೆರೆಗಟ್ಟಿತ್ತು.

ಆಮ್ಲ ತಗ್ಗಿಸುವ ಮಾತ್ರೆ ಕೊಟ್ಟರು, ನುಂಗುವ ಸ್ಟೀರಾಯ್ಡ್ ಕೊಟ್ಟರು. ಪ್ರತಿ ಸಲ ಹೇಗಿದ್ದೀರಿ ಎಂದು ಕೇಳಿದಾಗಲೂ ಆರ್ವಿಡ್ ಪರವಾಗಿಲ್ಲ ಎಂದ. ನಮ್ಮೂರಿನ ಡಾಕ್ಟರಾಗಿದ್ದರೆ ಆ ಮಾತನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಡಾಕ್ಟರ್ ಕ್ವಿಂಟಾನಾ ಟೆಕ್ಸಸ್‌ನಿಂದ ಬಂದಾಕೆ, ಹೇಳಿದ್ದನ್ನು ನಂಬುವವಳು. ಈ ಪಡೆಗೆ ಹೋಗುವ ಕರೆಯನ್ನೇ ತಡೆಯುವ, ವಾರಕ್ಕೊಮ್ಮೆ ಹಾಕಿಕೊಳ್ಳುವ ಇಂಜೆಕ್ಷನ್ ಒಂದಿದೆ ಎಂದು ಆಕೆ ವಿವರಿಸಿದಳು. ಆಮೇಲೆ ತಲೆ ಕೆರೆದುಕೊಂಡಳು.

"ಊತ ಇಳಿದಿಲ್ಲ. ಆದ್ರೆ ನೀವು ಆರಾಮಾಗಿದೀನಿ ಅಂತೀರಿ. ಆರಾಮಾಗಿರೋರಿಗೆ ವಾರವಾರ ಸೂಜಿ ಯಾಕೆ? ಇನ್ನಾರು ತಿಂಗಳು ಹೀಗೇ ನೋಡೋಣ, ಏನಂತೀರಿ?"

ಪಕ್ಕದಲ್ಲಿ ಲವೊನ್ ಆಗಲೇ ಕೋಟು ಎತ್ತಿಕೊಂಡಿದ್ದಳು. ಒಂದು ದೂರು ಹೇಳಿದರೆ ಮದ್ದು; ಹೇಳದಿದ್ದರೆ ಇನ್ನೊಂದು ಇಡೀ ಚಳಿಗಾಲ ಬಾನೆಟ್ ಹಿಡಿದು ನಿಲ್ಲಬೇಕು. ಸ್ಕೋಗ್‌ಲಂಡ್ ವಂಶದಲ್ಲಿ ಅದುವರೆಗೆ ಯಾರೂ ದೂರು ಹೇಳಿರಲಿಲ್ಲ. ನಮ್ಮ ವೀರ ಗೋಡೆಯ ಮೇಲಿನ ಜಠರದ ಚಿತ್ರಕ್ಕೆ ಹೇಳುವವನಂತೆ ಬಾಯಿ ಬಿಟ್ಟ.

"ಊಟ ಅಂದ್ರೆ ಭಯ ಆಗತ್ತೆ ಡಾಕ್ಟ್ರೇ," ಎಂದ.

"ಯಾವಾಗಿಂದ?"

"ಮದುವೆಗೆ ಮುಂಚಿಂದ."

ಲವೊನ್ ಕೋಟು ಕೆಳಗಿಟ್ಟಳು. "ಹಾಗಾದ್ರೆ ಆ ಟ್ರಕ್ಕು?"

"ಟ್ರಕ್ಕಿಗೆ ಏನೂ ಆಗಿರ್ಲಿಲ್ಲ ಕಣೇ."

"ನನ್ನ ತಮ್ಮನ ಮಣ್ಣಿನ ದಿನ?"

"ಅವತ್ತು ಹಂದಿಮಾಂಸ ಸಿಕ್ಕಾಕ್ಕೊಂಡಿತ್ತು."

"ಅವತ್ತೊಂದಿನ ನೀನು ಅಳೋಕೆ ಹೊರಗೆ ಹೋದೆ ಅಂದ್ಕೊಂಡಿದ್ದೆ."

"ಅದೂ ಇತ್ತು," ಎಂದ ಆರ್ವಿಡ್.

ಡಾಕ್ಟರ್ ಕ್ವಿಂಟಾನಾ ತಲೆ ತಗ್ಗಿಸಿಕೊಂಡು ಇಂಜೆಕ್ಷನ್ ಬರೆಯತೊಡಗಿದಳು.

ದಿವ್ಯಾಸ್ತ್ರ ಐಸಿನ ಪೆಟ್ಟಿಗೆಯಲ್ಲಿ ಬಂತು. ಫ್ರಿಜ್ಜಿನಲ್ಲಿ ಬೆಣ್ಣೆಗೂ ಉಪ್ಪಿನಲ್ಲಿಟ್ಟ ಹೆರಿಂಗ್ ಮೀನಿಗೂ ನಡುವೆ ಅದಕ್ಕೆ ಜಾಗವಾಯಿತು. ಹಾಕಿಕೊಳ್ಳುವ ಮೊದಲು ಮುಕ್ಕಾಲು ಗಂಟೆ ಹೊರಗಿಟ್ಟು ಅದರ ತಣುಪು ಕಳೆಯಬೇಕಂತೆ. ಹೇಳಿದ ಹೊತ್ತಿಗಿಂತ ಮೊದಲೇ ಬಂದ ನೆಂಟನನ್ನು ಕೂರಿಸಿಕೊಂಡ ಹಾಗೆ ದಂಪತಿಗಳು ಅದನ್ನು ಮೇಜಿನ ಮೇಲಿಟ್ಟು ಎದುರುಬದುರು ಕೂತರು. ಆಮೇಲೆ ಆರ್ವಿಡ್ ತೊಡೆಗೆ ಒತ್ತಿಕೊಂಡ. ಉರಿಯಿತೇ ಎಂದು ಲವೊನ್ ಕೇಳಿದಳು. ಉರಿಯಿತು ಎಂದ. ಹೊಸದಾಗಿ ಕಲಿತ ವಿದ್ಯೆ. ಆಮೇಲೆ ಮಂಡಿನೋವು, ಪಾದ್ರಿಯ ಉಪದೇಶದ ಉದ್ದ, ಚರ್ಚಿನಲ್ಲಿ ನಾನು ಮಾಡುವ ಕಾಫಿ, ಯಾವುದನ್ನೂ ಬಿಡದೆ ದೂರಿದ.

ಮುತ್ತಿಗೆ ಒಂದೇ ದಿನಕ್ಕೆ ತೆರವಾಗಲಿಲ್ಲ. ಮೊದಲು ಅಕ್ಕಿಯ ಗಂಜಿ, ಆಮೇಲೆ ಬ್ರೆಡ್ಡು, ಆಮೇಲೆ ಕೋಳಿ ದಾರಿ ಮಾಡಿಕೊಂಡು ಇಳಿದವು. ಕೆರೆಯ ಮೇಲಿನ ಮಂಜುಗಡ್ಡೆ ಒಡೆಯುವ ಹೊತ್ತಿನ ಒಂದು ಸಾಧಾರಣ ಮಂಗಳವಾರ ಲವೊನ್ ಹಂದಿಮಾಂಸ ಹುರಿದಳು. ಆರ್ವಿಡ್ ಕತ್ತರಿಸಿದ, ಅಗಿದ, ನುಂಗಿದ, ಮತ್ತೆ ಕತ್ತರಿಸಿದ. ತಟ್ಟೆ ಖಾಲಿಯಾದದ್ದು ಅವನಿಗೇ ತಿಳಿಯಲಿಲ್ಲ. ಏನು ಮಾಡುವುದೆಂದು ತೋಚದೆ ತಟ್ಟೆ ತೊಳೆಯಲು ಎದ್ದ.

"ಕೂತ್ಕೊ," ಎಂದಳು ಲವೊನ್, ಬಾಯಲ್ಲಿ ತುತ್ತಿಟ್ಟುಕೊಂಡೇ. "ನಂದಿನ್ನೂ ಮುಗಿದಿಲ್ಲ."

ಅವನು ಕೂತ. ಹೆಂಡತಿ ಹೇಗೆ ಉಣ್ಣುತ್ತಾಳೆಂದು ಅವತ್ತೇ ಮೊದಲ ಸಲ ನೋಡಿದ.