ತೊಟ್ಟಿಲ ಕೆಳಗೆ ಚಾಚಿದ ಕೈ

ನನ್ನ ವಾರಗಿತ್ತಿಯ ಎರಡು ಕೈ ತೊಟ್ಟಿಲ ಕೆಳಗೆ ಖಾಲಿಯಾಗಿ ಚಾಚಿಕೊಂಡಿದ್ದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಹೊಟ್ಟೆ ತಣ್ಣಗಾಗುತ್ತದೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳಿ. ಮೊಮ್ಮಗಳಿಗೆ ಅವಳಮ್ಮ ಎಲ್ಲಾ ಹೇಳಿಯಾಗಿದೆ, "ಬರೆದಿಡು ಅಜ್ಜಿ" ಅಂದವಳೂ ಆ ಮೊಮ್ಮಗಳೇ.

ಎಪ್ಪತ್ತರ ದಶಕದ ಮಾತು. ಕಾಶಿಯ ಕೇದಾರ ಘಾಟಿನ ಗಲ್ಲಿ. ನಮ್ಮ ಕಡೆಯಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವುದು ಗಂಡಸರ ಕೆಲಸ. ಮನೆ ಒಂದೇ, ಒಲೆ ಎರಡು. ಕೆಳಗೆ ಭಾವನವರ ಹೆಂಡತಿ, ಮಹಡಿಯಲ್ಲಿ ನಾನು.

ಅವಳ ಮೊಮ್ಮಗನ ನಾಮಕರಣದ ದಿನ ಇನ್ನೂ ಮಕ್ಕಳಾಗದ ನನ್ನ ಸೊಸೆ ಆಸೆಯಿಂದ ತೊಟ್ಟಿಲ ಹಗ್ಗಕ್ಕೆ ಕೈ ಹಾಕಿದಳು. "ನೀ ಮುಟ್ಟಬೇಡವೇ, ಹೋಗಿ ಊಟದ ಎಲೆ ಒರೆಸು" ಅಂದಳು ವಾರಗಿತ್ತಿ, ಎಲ್ಲರೆದುರು. ಸೊಸೆಯನ್ನು ತವರಿಗೆ ಅಟ್ಟಿ ತನ್ನ ತಮ್ಮನ ಮಗಳನ್ನು ನನ್ನ ಮಗನಿಗೆ ತರುವ ಹುನ್ನಾರ ಅವಳದು. ದೋಷ ಇದ್ದದ್ದು ನನ್ನ ಮಗನಲ್ಲಿ. ಹುಡುಗನಾಗಿದ್ದಾಗ ಮಂಗನಬಾವು ಬಂದು ಒಳಗಿನದೆಲ್ಲ ಕೆಟ್ಟಿತ್ತು. ಅದನ್ನು ಆ ಬಾಯಿಗೆ ಹಾಕಿದರೆ ಘಾಟಿನ ಮೆಟ್ಟಿಲಿಗೆಲ್ಲ ಗೊತ್ತಾಗುತ್ತದೆ ಅಂತ ನುಂಗಿಕೊಂಡೆ.

ಗೋದೌಲಿಯಾ ಚೌಕದ ಹತ್ತಿರ ಒಬ್ಬ ಲೇಡಿ ಡಾಕ್ಟರು. ಬೇರೆ ಯಾರದೋ ಬೀಜದಿಂದ ಬಸಿರು ಮಾಡಿಸುತ್ತಾರೆ, ಹೆಸರು ಯಾರಿಗೂ ಹೇಳುವುದಿಲ್ಲ, ಆದರೆ ಹುಡುಗಿಗೆ ಇಪ್ಪತ್ತೈದು ತುಂಬಿರಬೇಕಂತೆ ಅಂತ ಮಗನೇ ವಿಚಾರಿಸಿಕೊಂಡು ಬಂದ. ಮೂವರೂ ರಿಕ್ಷಾ ಹತ್ತಿದೆವು.

"ವಯಸ್ಸೆಷ್ಟು?" ಡಾಕ್ಟರು ಹಿಂದಿಯಲ್ಲಿ ಕೇಳಿದರು.

"ಇಪ್ಪತ್ತಾರು" ಅಂದೆ, ನಾನೇ ಮುಂದೆ ಬಿದ್ದು.

"ಅಮ್ಮಾಜೀ, ಬಸಿರಾಗುವುದು ನೀವಲ್ಲವಲ್ಲ. ಅವಳು ಹೇಳಲಿ."

ನನ್ನ ಪೆದ್ದಿ "ಇಪ್ಪತ್ತೆರಡು" ಅಂದುಬಿಟ್ಟಳು!

"ಇಪ್ಪತ್ತೈದು ತುಂಬದೆ ನಾನು ಮಾಡುವುದಿಲ್ಲ. ಸರ್ಕಾರದ ಕಾನೂನಲ್ಲ, ನನ್ನದು. ಅತ್ತೆಯರು ಎಳೆದುಕೊಂಡು ಬಂದ ಹುಡುಗಿಯರನ್ನು ಬೇಕಾದಷ್ಟು ನೋಡಿದ್ದೇನೆ. ಬೇಡ ಅನ್ನುವ ಧೈರ್ಯ ಬರಲಿ. ಆಮೇಲೂ ಬೇಕು ಅನ್ನಿಸಿದರೆ ಒಬ್ಬಳೇ ಬಂದು ಹೇಳಲಿ."

ದಾರಿಯುದ್ದಕ್ಕೂ ಆ ಡಾಕ್ಟರಿಗೆ ಹಿಡಿಶಾಪ ಹಾಕಿದೆ. ಮೂರು ವರ್ಷ ಕೆಳಗಿನ ಒಲೆಯಿಂದ ಹೊಗೆಯ ಜೊತೆ ಮಾತೂ ಮೇಲೆ ಬರುತ್ತಿತ್ತು. "ಮಹಡಿ ಮೇಲೆ ಬರೀ ಪಾರಿವಾಳ ಮರಿ ಹಾಕೋದು!" ನಾನು ಹಪ್ಪಳದ ಹಿಟ್ಟನ್ನು ಅವಳ ಬೆನ್ನು ಅಂದುಕೊಂಡು ಕುಟ್ಟುತ್ತಿದ್ದೆ. ಅವಳು ಎರಡನೇ ಮದುವೆ ಮಾತೆತ್ತಿದಾಗೆಲ್ಲ ಮಗ ತಟ್ಟೆ ಬಿಟ್ಟು ಏಳುತ್ತಿದ್ದ. ಇರಲಿ, ಇದೇ ತೊಟ್ಟಿಲ ಮುಂದೆ ನಿನ್ನಿಂದ ಬೇಡಿಸುತ್ತೇನೆ ಅಂತ ವಿಶ್ವನಾಥನ ಮೇಲೆ ಆಣೆ ಇಟ್ಟೆ.

ಇಪ್ಪತ್ತೈದು ತುಂಬಿತು. ಸೀರೆ ಉಟ್ಟು ಹೊರಟ ಸೊಸೆ, "ನೀವು ಬರಬೇಡಿ ಅತ್ತೆ, ನಾನೇ ಹೇಳ್ತೀನಿ" ಅಂದಳು. ಗಲ್ಲಿಯ ಬಾಯಲ್ಲಿ ನಿಂತು ನೋಡಿದೆ. ರಿಕ್ಷಾದಲ್ಲಿ ಒಬ್ಬಳೇ, ತಲೆಯೆತ್ತಿ ಕೂತಿದ್ದಳು. ಆಗ ಆ ಡಾಕ್ಟರ ಮೇಲಿನ ಸಿಟ್ಟು ಇಳಿಯಿತು. ವಾರಗಿತ್ತಿಯ ಮೇಲಿನದು ಇಳಿಯಲಿಲ್ಲ, ಇಳಿಸಿಕೊಳ್ಳಲೂ ಇಲ್ಲ.

ಹೆಣ್ಣು ಹುಟ್ಟಿತು! ಬಂಗಾರದಂಥ ಹೆಣ್ಣು! ಗಲ್ಲಿಗೆಲ್ಲ ಪೇಡಾ ಹಂಚಿದೆ, ಹಸುವಿಗೂ ತಿನ್ನಿಸಿದೆ.

ನಮ್ಮಲ್ಲಿ ತೊಟ್ಟಿಲಿಗೆ ಹಾಕುವಾಗ ಈಚೆ ಒಬ್ಬಳು, ಆಚೆ ಒಬ್ಬಳು ಕೂತು ಮಗುವನ್ನು ತೊಟ್ಟಿಲ ಕೆಳಗಿನಿಂದ ದಾಟಿಸಬೇಕು. ಆಚೆಯವಳು ಬಾಯಿಬಿಟ್ಟು "ಲಕ್ಷ್ಮೀನ ಕೊಡು" ಅಂತ ಕೇಳಬೇಕು. ಈಚೆ ಸೊಸೆಯನ್ನು ಕೂರಿಸಿದೆ. "ಅಕ್ಕಾ, ಹಿರಿಯರು ನೀವು, ಆಚೆ ನೀವೇ ಕೂರಬೇಕು" ಅಂತ ವಾರಗಿತ್ತಿಯ ರಟ್ಟೆ ಹಿಡಿದು ತಂದೆ. ತುಂಬಿದ ಮನೆ, ಹೇಗೆ ಇಲ್ಲ ಅಂತಾಳೆ? ಬಗ್ಗಿದಳು, ಕೈ ಚಾಚಿದಳು.

"ಲಕ್ಷ್ಮೀನ ಕೊಡು" ಅಂದಳು ಮೂಗಿನೊಳಗೆ.

"ಜೋರಾಗಿ ಅನ್ನಿ ಅಕ್ಕಾ, ಮಗುಗೆ ಕೇಳಿಸಲಿಲ್ಲ" ಅಂದೆ.

"ಲಕ್ಷ್ಮೀನ ಕೊಡೇ!"

ಸೊಸೆ ಕೊಡಲಿಲ್ಲ. ಮಗುವಿನ ಕುಲಾವಿ ಸರಿಮಾಡಿದಳು, ಹಣೆಯ ಕಾಡಿಗೆ ಒರೆಸಿದಳು, ನಿಧಾನವಾಗಿ ಒಂದು ಮುತ್ತಿಟ್ಟಳು. "ನಾನು ಅಷ್ಟು ವರ್ಷ ಕಾದೆ ದೊಡ್ಡತ್ತೆ. ನೀವು ಒಂದು ಗಳಿಗೆ ಕಾಯಿರಿ."

ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡರು. ನಾನು ತುರುಕಿಕೊಳ್ಳಲಿಲ್ಲ, ಗಟ್ಟಿಯಾಗಿ ನಕ್ಕೆ. ವಾರಗಿತ್ತಿಯ ಕೈ ಹಾಗೇ ಚಾಚಿಕೊಂಡೇ ಇತ್ತು.