ಔಷಧಿ ಸಿಗದ ಇಲಿಗಳು

ಬರೀ ಉಪ್ಪುನೀರು ಚುಚ್ಚಿದ್ದ ಇಲಿಯೂ ಹಿಂಗಾಲೂರಿ ಎದ್ದು ನಿಂತಿತು. ರಾಜಾಜಿನಗರದಲ್ಲಿ ಮೆಟ್ರೋ ಕೆಲಸ ಶುರುವಾಗಿದ್ದ ವರ್ಷ, ಗಾಯಗೊಂಡ ಸ್ನಾಯುವನ್ನು ಬೇಗ ಕೂಡಿಸುವ ಪೆಪ್ಟೈಡ್ ಎಂಬ ಔಷಧಿಯೊಂದನ್ನು ನಮ್ಮ ಲ್ಯಾಬಿನಲ್ಲಿ ಹಿಂಗಾಲಿಗೆ ಗಾಯವಾದ ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದೆ. ಪೆಪ್ಟೈಡ್ ಕೊಟ್ಟ ಇಲಿಗಳು ಮಾತ್ರ ಬೇಗ ಏಳಬೇಕಿತ್ತು, ಹೋಲಿಕೆಗೆಂದು ಉಪ್ಪುನೀರು ಚುಚ್ಚಿದವು ಅಲ್ಲ. ಎರಡು ತಿಂಗಳ ಕೆಲಸ ಹಾಳು ಅಂದುಕೊಂಡೆ.

ಪಂಜರ ತೊಳೆಯುವ ಸಾವಿತ್ರಮ್ಮ ಹೇಳಿದರು: "ಇವಕ್ಕೆ ಔಷಧಿ ಇಲ್ಲ ಅಂದ್ರಲ್ಲ ಮೇಡಂ, ಪಾಪ ಅನ್ನಿಸ್ತು. ಎದ್ದು ಎಟುಕಿಸ್ಕೊಳ್ಳಲಿ ಅಂತ ಇವಕ್ಕೆ ಮಾತ್ರ ಊಟನ ಪಂಜರದ ಮೇಲ್ಗಡೆ ಕಟ್ತಿದ್ದೆ. ನನ್ನ ಕಾಲು ಮುರಿದಾಗ ಫಿಸಿಯೋದವರು ಹಿಂಗೇ ಎಬ್ಬಿಸ್ತಿದ್ರು."

ಬೈಯೋಕೆ ಹೊರಟವಳಿಗೆ ಹೊಳೆಯಿತು: ಊಟಕ್ಕಾಗಿ ಎದ್ದು ನಿಲ್ಲುವ ವ್ಯಾಯಾಮವೇ ಆ ಕಾಲುಗಳನ್ನು ವಾಸಿಮಾಡಿತ್ತು. ಮೊದಲಿಂದ ಶುರುಮಾಡಿ, ಎಲ್ಲ ಪಂಜರದಲ್ಲೂ ಅವರಿಂದಲೇ ಊಟ ಮೇಲೆ ಕಟ್ಟಿಸಿದೆ. ಪೆಪ್ಟೈಡ್ ಗೆದ್ದಿತು, ಆದರೆ ಸ್ವಲ್ಪವೇ ಅಂತರದಲ್ಲಿ.

ಔಷಧಿಯಿಂದಲೇ ವಾಸಿಯಾಯ್ತು ಅಂತ ಯಾರಾದರೂ ಹೇಳಿದರೆ ಈಗಲೂ ಮೊದಲು ಕೇಳುತ್ತೇನೆ, ಊಟ ಎಲ್ಲಿಟ್ಟಿದ್ರಿ?