ಮಾನ್ವಿಯ ಮಿಲ್ಲಿಗೆ ಬಂದ ಆಗಬೋಟಿನ ಸೀಟಿ

ಮಾಳಿಂಗಣ್ಣನದು ದೇವದುರ್ಗದ ಕಡೆಯ ಕುರಿ ಕಾಯುವ ಮನೆತನ. ಹದಿನೆಂಟನೇ ವಯಸ್ಸಿಗೆ ರಾಯಚೂರಿನಲ್ಲಿ ರೈಲು ಹತ್ತಿ ಮುಂಬಯಿಗೆ ಹೋದ. ಅಲ್ಲಿ ಒಂದು ಆಗಬೋಟಿನ, ಅಂದರೆ ಉಗಿಹಡಗಿನ, ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ ಹಿಡಿದ. ಅದರ ಹೆಸರು ಹೇಮಲತಾ. ಇವನು ಸೇರುವಾಗಲೇ ಅದಕ್ಕೆ ಮೂವತ್ತು ವರ್ಷ ದಾಟಿತ್ತಂತೆ.

ಮೊದಲು ಕೊಂಕಣದ ಜನರನ್ನು ಊರಿಂದ ಊರಿಗೆ ಮುಟ್ಟಿಸುತ್ತಿತ್ತು. ಆಮೇಲೆ ಹಜ್ ಯಾತ್ರೆಯವರನ್ನು ಒಯ್ದಿತು. ಯುದ್ಧ ಬಂದಾಗ ಸಿಪಾಯಿಗಳು ಹತ್ತಿದರು. ಮುಪ್ಪಿನಲ್ಲಿ ಉಳ್ಳಾಗಡ್ಡಿ, ಹುಣಸೆಹಣ್ಣು ಹೊತ್ತಿತು. ಕಡೆಗೆ ಬಂದರಿನ ಕೂಲಿಗಳು ಮಲಗುವ ಮನೆಯಾಯಿತು. ಇಪ್ಪತ್ತಾರು ವರ್ಷ ಮಾಳಿಂಗಣ್ಣ ಅದನ್ನು ಬಿಡಲಿಲ್ಲ. ಹಡಗನ್ನು ಗುಜರಿಗೆಂದು ಒಡೆಯುವ ದಿನ ಅದರ ಹಿತ್ತಾಳೆ ಸೀಟಿಯನ್ನು ಬೇಡಿಕೊಂಡು, ಕಂಬಳಿಯಲ್ಲಿ ಸುತ್ತಿ ಊರ ಕಡೆಗೆ ತಂದ.

ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಭತ್ತ ಬೇಯಿಸುವ ಬಾಯ್ಲರಿಗೆ ಹೊಟ್ಟು ಹಾಕಲು ನಿಂತ ಮೊದಲ ವಾರವೇ ಸೀಟಿಯನ್ನು ಅದಕ್ಕೆ ಕೂಡಿಸಿದ. ನನ್ನ ಯಜಮಾನರು ಅಲ್ಲೇ ಹಮಾಲಿ ಮಾಡುತ್ತಿದ್ದರು, ನಾನು ಕಣದಲ್ಲಿ ಬೆಂದ ಭತ್ತವನ್ನು ಕಾಲಿನಿಂದ ಹರವುತ್ತಿದ್ದೆ. ಎರಡು ಸಣ್ಣ ಸೀಟಿ ಬಂದರೆ ಮೋಡ ಬಂತು, ತಾಡಪತ್ರಿ ಹೊದಿಸಬೇಕು. ಒಂದು ಉದ್ದ ಸೀಟಿ ಬಂದರೆ ಅವತ್ತಿನ ಕೆಲಸ ಮುಗಿಯಿತು, ಆಮೇಲೆ ಯಾರೂ ಯಾರನ್ನೂ ತಿರುಗಿ ಕರೆಯುವಂತಿಲ್ಲ. ನಲವತ್ತು ವರ್ಷ ಇದೇ ರಿವಾಜು.

ಹೋದ ಬೇಸಿಗೆಯಲ್ಲಿ ಹೊಸ ಬಾಯ್ಲರ್ ಬಂತು. ಮಾಲೀಕ ವೆಂಕಣ್ಣ ಹಳೆಯದನ್ನೆಲ್ಲ ಗುಜರಿಗೆ ಹಾಕಿದ. ಕೆಲಸ ಬಿಟ್ಟರೂ ದಿನಾ ಬಂದು ಕೂಡುತ್ತಿದ್ದ ಮಾಳಿಂಗಣ್ಣ ಅಡ್ಡ ನಿಂತ.

"ಸಾವ್ಕಾರ್ರ, ಸೀಟಿ ಒಂದು ಬಿಡ್ರಿ."

"ಕರೆಂಟಿನ ಗಂಟಿ ಹಾಕೀನಿ ಮಾಳಿಂಗಪ್ಪಾ. ಗುಂಡಿ ಒತ್ತಿದ್ರ ಸಾಕು. ಬೇಕಾದ್ರ ಸೀಟಿ ನಿನ್ನ ಮನಿಗೆ ಒಯ್ಯಿ."

"ಮನಿಯಾಗ ಉಗಿ ಎಲ್ಲೈತ್ರಿ? ಉಗಿ ಇಲ್ಲದ ಸೀಟಿ, ಬೊಗಳದ ನಾಯಿ, ಎರಡೂ ಒಂದ."

ಸೀಟಿ ತಕ್ಕಡಿ ಏರಿತು. ಹನ್ನೊಂದು ಕಿಲೋ. ರಾಯಚೂರಿನಿಂದ ಬಂದ ಗುಜರಿಯ ಬಂದೇನವಾಜ್, ಮಾಳಿಂಗಣ್ಣನ ಮುಖ ನೋಡಿ ಮೆಲ್ಲಗೆ ಅಂದ: "ಕಾಕಾ, ಎಂಟು ದಿನ ನಾ ಇದನ್ನ ಮುಟ್ಟಂಗಿಲ್ಲ. ಅಷ್ಟರಾಗ ಸಾವ್ಕಾರ್ರ ಮನಸ್ಸು ತಿರುಗಿಸ್ರಿ."

ತಿರುಗಿಸಿದ್ದು ಗಾಳಿ. ಆರನೆಯ ದಿನ ದೇವದುರ್ಗದ ದಿಕ್ಕಿನಿಂದ ಮೋಡ ಎದ್ದಿತು. ನಮ್ಮ ಕಡೆ ಮಳೆಗಿಂತ ಮೊದಲು ಹೋಗುವುದು ಕರೆಂಟು. ವೆಂಕಣ್ಣ ಗುಂಡಿ ಒತ್ತಿಯೇ ಒತ್ತಿದ, ಗಂಟೆ ಸುಮ್ಮನಿತ್ತು. ಟವೆಲ್ ಬೀಸುತ್ತ ಕಣದ ತುಂಬ ಓಡಿದ. ಆ ತುದಿಯಲ್ಲಿ ಭತ್ತ ಹರವುತ್ತಿದ್ದ ಬಸ್ಸಮ್ಮ ಸೊಂಟದ ಮೇಲೆ ಕೈ ಇಟ್ಟು ನೋಡಿದಳು.

"ನೋಡ್ರೇ, ಸಾವ್ಕಾರ್ರು ಹಂದಿ ಓಡಸಾಕತ್ತಾರ."

ಹೆಂಗಸರು ನಗುತ್ತಾ ನಿಂತರು. ತಾಡಪತ್ರಿ ಹೊದಿಸುವ ಮೊದಲೇ ಮಳೆ ಸುರಿದು ಮೂವತ್ತೇಳು ಚೀಲದ ಭತ್ತ ತೋಯ್ದಿತು. ಈಗ ವಯಸ್ಸಾಗಿ, ಅಂಚಿನಲ್ಲಿ ಭತ್ತಕ್ಕೆ ಕೋಳಿ ಬಾರದಂತೆ ಕಾಯುತ್ತ ಕುಳಿತಿದ್ದ ನಾನೇ ಆಮೇಲೆ ಎಣಿಸಿದೆ.

ಮರುದಿನ ವೆಂಕಣ್ಣನೇ ಫೋನ್ ಮಾಡಿದ. ಬಂದೇನವಾಜ್ ಸೀಟಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಂಗಾರದಂತೆ ಹೊಳೆಯಿಸಿ ತಂದುಕೊಟ್ಟ. ಹೊಸ ಬಾಯ್ಲರಿಗೆ ಕೂಡಿಸುವಾಗ ಮಧ್ಯಾಹ್ನ ಮೂರು ಗಂಟೆ.

"ಮೊದಲನೇ ಸೀಟಿ ನೀನೇ ಹೊಡಿ," ಎಂದು ವೆಂಕಣ್ಣ ಸರಪಳಿಯನ್ನು ಅಣ್ಣನ ಕೈಗೆ ಕೊಟ್ಟ.

ಎಂಬತ್ತನಾಲ್ಕರ ಕೈ ಸರಪಳಿ ಎಳೆಯಿತು, ಎಳೆದೇ ಹಿಡಿಯಿತು. ಉದ್ದನೆಯ ಸೀಟಿ ಕಣ ದಾಟಿ, ರಸ್ತೆ ದಾಟಿ ಹೋಯಿತು. ಹೆಂಗಸರು ಕಾಲು ಝಾಡಿಸಿ, ಬುತ್ತಿ ಡಬ್ಬಿ ಎತ್ತಿಕೊಂಡು ಸಾಲಾಗಿ ಗೇಟು ದಾಟಿದರು.

"ಏ ಮಾಳಿಂಗಪ್ಪಾ, ಏನ್ ಮಾಡಿದ್ಯೋ? ಇನ್ನಾ ಮೂರು ಗಂಟಿ!"

"ಹಡಗು ಬಂದರು ಬಿಡುವಾಗ ಒಂದು ಉದ್ದ ಸೀಟಿ ರೀ. ಕೈ ಮರ್ತಿಲ್ಲ."

ವೆಂಕಣ್ಣ ಗೇಟಿನವರೆಗೆ ಓಡಿದವನು ರಿವಾಜು ನೆನಪಾಗಿ ನಿಂತ. ಟವೆಲ್ ಹೆಗಲಿಗೆ ಹಾಕಿಕೊಂಡು ನಕ್ಕ.

"ಹೇಮಲತಾ ಎಲ್ಲಿಗೆ ಹೊಂಟಿತಣ್ಣಾ?" ಎಂದು ನಾನು ಕೇಳಿದೆ.

"ಇವತ್ತು ಬಸ್ಸಮ್ಮನ ಕೂಡ ಮನಿಗೆ ಹೊಂಟೈತಿ. ನೀನೂ ಏಳಬೇ."

ನಾನೂ ಕೋಲು ಹಿಡಿದು ಎದ್ದೆ.